ಐಪಿ65 ಡಬ್ಬ: ಮಳೆಗೆ ಗಟ್ಟಿ, ತೇವಕ್ಕೆ ಸಾಲದು

ನಮ್ಮ ಹೊಸನಗರ ಸೀಮೆಯಲ್ಲಿ ಹೊರಗಿಟ್ಟ ಸರ್ಕಿಟ್ಟು ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಮಳೆ ದಾಟಿ ಉಳಿದರೆ ಗೆದ್ದ ಹಾಗೆ. ತೋಟದ ಪಂಪನ್ನು ಫೋನಿನಿಂದ ಚಾಲೂ ಮಾಡುವ ಜಿಎಸ್‌ಎಂ ಬೋರ್ಡು, ಅಂಗಳದ ಮಳೆಮಾಪಕದ ಲೆಕ್ಕ ಬರೆದಿಡುವ ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡು, ನೆಂಟರ ತೋಟಗಳಿಗೆ ಕಟ್ಟಿಕೊಟ್ಟ ಇಂಥವೇ ಇನ್ನಷ್ಟು, ಎಲ್ಲಕ್ಕೂ ನಾನು ಹಾಕುವುದು ಐಪಿ65 ಜಂಕ್ಷನ್ ಬಾಕ್ಸ್ ಅಂತ ಸಿಗುವ ಬೂದು ಪ್ಲಾಸ್ಟಿಕ್ ಡಬ್ಬ. ಮೂಲೆಗೊಂದು ಸ್ಕ್ರೂ, ಮುಚ್ಚಳದ ಸುತ್ತ ರಬ್ಬರ್ ಗ್ಯಾಸ್ಕೆಟ್. ಕೊಳ್ಳಬಹುದೇ ಅಂದರೆ ಖಂಡಿತ ಕೊಳ್ಳಿ. ಆದರೆ ಬೋರ್ಡು ಒಳಗಿಟ್ಟು ಸ್ಕ್ರೂ ಬಿಗಿದರೆ ಮುಗಿಯಿತು ಅನ್ನುವ ಹಾಗಿಲ್ಲ.

ಐಪಿ65 ಅಂದರೆ ಏನು ಅನ್ನುವುದನ್ನು ಐಇಸಿ 60529 ಎಂಬ ಮಾನದಂಡ ಹೇಳುತ್ತದೆ. 6 ಅಂದರೆ ದೂಳು ಒಳಗೆ ಹೋಗದು. 5 ಅಂದರೆ ಯಾವ ದಿಕ್ಕಿನಿಂದ ಪೈಪು ಹಿಡಿದು ನೀರು ಚಿಮ್ಮಿಸಿದರೂ ಹಾನಿಯಾಗುವಷ್ಟು ನೀರು ಸೇರದು. ಗಾಳಿಯಲ್ಲಿರುವ ತೇವದ ಬಗ್ಗೆ ಆ ಎರಡು ಅಂಕಿ ಏನೂ ಹೇಳುವುದಿಲ್ಲ. ನಮಗೆ ಕಾಟ ಕೊಡುವುದು ಅದೇ.

ಮಳೆಗಾಲದ ನಡುವೆ ಒಂದು ಗಳಿಗೆ ಬಿಸಿಲು ಬಿದ್ದಿತು ಅನ್ನಿ. ಡಬ್ಬದೊಳಗಿನ ಗಾಳಿ 50 ಡಿಗ್ರಿಗೆ ಏರುತ್ತದೆ. ಕೂಡಲೇ ಮಳೆ ಹೊಡೆದರೆ 22ಕ್ಕೆ ಇಳಿಯುತ್ತದೆ. ಆಗ ಒಳಗಿನ ಒತ್ತಡ ಶೇಕಡಾ 8ಕ್ಕೂ ಹೆಚ್ಚು ಕಡಿಮೆಯಾಗುತ್ತದೆ, ಅಂದರೆ 80 ಸೆಂಟಿಮೀಟರಿಗೂ ಹೆಚ್ಚು ಎತ್ತರದ ನೀರಿನ ಒತ್ತಡದಷ್ಟು ಎಳೆತ. ಗ್ಯಾಸ್ಕೆಟ್ಟಿನ ಮೇಲೆ ನಿಂತ ನೀರು, ವೈರಿನ ಎಳೆಗಳ ನಡುವಿನ ಸಂದು, ಎಲ್ಲಿ ದಾರಿ ಸಿಕ್ಕಿದರೂ ಡಬ್ಬ ಒಳಕ್ಕೆ ಹೀರುತ್ತದೆ. ಬಂದ ತೇವ ಹೊರಗೆ ಹೋಗುವುದಿಲ್ಲ. 30 ಡಿಗ್ರಿಯ ಗಾಳಿ ಘನಮೀಟರಿಗೆ ಸುಮಾರು 30 ಗ್ರಾಂ ಆವಿ ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿಯದು 17 ಗ್ರಾಂ ಮಾತ್ರ. ಉಳಿದದ್ದು ರಾತ್ರಿ ಮುಚ್ಚಳದ ಒಳಮೈಗೆ ಹನಿಗಟ್ಟಿ ಬೋರ್ಡಿನ ಮೇಲೇ ಬೀಳುತ್ತದೆ. "ಮುಚ್ಚಳ ಇಷ್ಟು ಬಿಗಿ ಇದ್ಯಲ್ಲ, ಇದು ಬೆವರಿದ್ದು ಎಲ್ಲಿಂದ ಮಾರಾಯ?" ಅಂತ ನಮ್ಮ ಭಾವ ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಇಷ್ಟೇ: ಬಿಗಿ ಇರುವುದಕ್ಕೇ ಭಾವ.

ಹಾಗಾಗಿ ಈ ಡಬ್ಬದ ಜೊತೆಗೆ ಕೊಳ್ಳಲೇಬೇಕಾದ ವಸ್ತು ಬ್ರೀದರ್ ವೆಂಟ್. ಬೆರಳ ತುದಿಯಷ್ಟು ದೊಡ್ಡ ಬಿರಡೆ, ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪೊರೆ. ಗಾಳಿ, ಆವಿ ಅದರಲ್ಲಿ ಹಾಯುತ್ತವೆ, ನೀರಿನ ಹನಿ ಹಾಯುವುದಿಲ್ಲ. ಡಬ್ಬದ ತಳಕ್ಕೆ ತೂತು ಕೊರೆದು ಕೂರಿಸಬೇಕು, ಮೇಲ್ಗಡೆಗೆ ಬೇಡ. ಎಳೆತಕ್ಕೆ ಗಾಳಿಯ ದಾರಿ ಸಿಕ್ಕಿದ ಮೇಲೆ ಗ್ಯಾಸ್ಕೆಟ್ಟಿನ ಮೇಲೆ ಜಗ್ಗಾಟವೇ ಇರುವುದಿಲ್ಲ. ವೆಂಟ್ ಸಿಗದಿದ್ದರೆ, ಸೂರಿನಡಿ ಇಡುವ ಡಬ್ಬಕ್ಕೆ ತಳದಲ್ಲಿ 3 ಮಿ.ಮೀ. ತೂತು ಕೊರೆದು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿದರೂ ನಡೆಯುತ್ತದೆ. ಐಪಿ65 ಅನ್ನುವ ಮಾತು ಅಲ್ಲಿಗೆ ಮುಗಿಯಿತು, ಆದರೆ ಬೋರ್ಡು ಉಳಿಯುತ್ತದೆ. ಜಾಲರಿ ಮಾತ್ರ ಬಿಡಬೇಡಿ, ಬೆಚ್ಚಗಿನ ರಿಲೇ (ಬೋರ್ಡಿನ ವಿದ್ಯುತ್ ಸ್ವಿಚ್ಚು) ಪಕ್ಕ ಇರುವೆ ಗೂಡು ಕಟ್ಟುತ್ತದೆ.

ಡಬ್ಬ ಎಷ್ಟೇ ಚೆನ್ನಾಗಿರಲಿ, ಬೋರ್ಡಿಗೂ ಒಂದು ರಕ್ಷಣೆ ಬೇಕು. ಅಕ್ರಿಲಿಕ್ ಕನ್‌ಫಾರ್ಮಲ್ ಕೋಟಿಂಗ್ ಸ್ಪ್ರೇ, ಅಂದರೆ ಬೋರ್ಡಿಗೆ ತೇವ ತಾಗದ ಹಾಗೆ ಹೊಡೆಯುವ ತೆಳು ಲೇಪ, ನನಗೆ ಒಪ್ಪಿಗೆಯಾದದ್ದು, ಯಾಕೆಂದರೆ ರಿಪೇರಿ ಬಂದಾಗ ದ್ರಾವಕದಿಂದ ತೆಗೆದು ಬೆಸುಗೆ ಹಾಕಬಹುದು. ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದರೆ ಆ ಬೋರ್ಡಿನ ಆಸೆ ಬಿಡಬೇಕು. ಸ್ಪ್ರೇಗೆ ಮೊದಲು ಬೆಸುಗೆ ಹಿಡಿಯಲು ಬಳಸುವ ಫ್ಲಕ್ಸ್‌ನ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಶ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ. ಆ ಜಿಡ್ಡು, ತೆಳ್ಳಗಿನ ತೇವ, ಸದಾ ಇರುವ ಡಿಸಿ ವೋಲ್ಟೇಜು ಮೂರೂ ಸೇರಿದರೆ ಪಿನ್ನಿನಿಂದ ಪಿನ್ನಿಗೆ ಲೋಹದ ಎಳೆ ಬೆಳೆದು ಶಾರ್ಟ್ ಆಗುತ್ತದೆ. ಜಿಡ್ಡಿನ ಮೇಲೇ ಕೋಟಿಂಗ್ ಹೊಡೆದರೆ ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಕನೆಕ್ಟರು, ಸಿಮ್ ಜಾಗ, ತೇವದ ಸೆನ್ಸರಿನ ಬಾಯಿಗೆ ಟೇಪ್ ಹಚ್ಚಿ, ತೆಳುವಾಗಿ ಎರಡು ಸಲ ಹೊಡೆಯಿರಿ. ಅಕ್ರಿಲಿಕ್‌ಗೆ ಹೇಳುವ ದಪ್ಪ 0.03ರಿಂದ 0.13 ಮಿ.ಮೀ. ಅಷ್ಟೇ, ಹೆಚ್ಚು ಬಳಿದರೆ ಲಾಭವಿಲ್ಲ. ನೋಟು ಪರೀಕ್ಷಿಸುವ ಯುವಿ ಟಾರ್ಚು ಬಿಟ್ಟು ನೋಡಿ: ಬಹಳಷ್ಟು ಕೋಟಿಂಗ್‌ಗಳು ನೀಲಿ ಹೊಳೆಯುತ್ತವೆ, ಬಿಟ್ಟುಹೋದ ಜಾಗ ಕಪ್ಪಾಗಿ ಕಾಣುತ್ತದೆ.

ಇನ್ನು ಡಬ್ಬದ ದೋಷ. ವೈರಿನ ತೂತುಗಳಿಗೆ ಅಂತ ಜೊತೆಗೆ ಬರುವ ಮೆತ್ತನೆ ರಬ್ಬರ್ ಬಿರಡೆಗಳು ಯಾವುದಕ್ಕೂ ಪ್ರಯೋಜನವಿಲ್ಲ, ತೆಗೆದುಹಾಕಿ ಕೇಬಲ್ ಗ್ಲ್ಯಾಂಡ್ (ತಿರುಗಿಸಿದರೆ ವೈರನ್ನು ಸುತ್ತ ಬಿಗಿದು ಹಿಡಿಯುವ ನಟ್ಟು) ಹಾಕಿ. 3ರಿಂದ 6.5 ಮಿ.ಮೀ. ದುಂಡು ಕೇಬಲಿಗೆ ಪಿಜಿ7 ಅಳತೆಯದು ಸರಿಹೋಗುತ್ತದೆ. ಚಪ್ಪಟೆ ವೈರಿಗೆ ಈ ದುಂಡು ಗ್ಲ್ಯಾಂಡು ಸರಿಯಾಗಿ ಕಚ್ಚುವುದಿಲ್ಲ. ವೈರು ತಳದಿಂದಲೇ ಒಳಗೆ ಹೋಗಬೇಕು, ಅದಕ್ಕೂ ಮೊದಲು ಕೆಳಕ್ಕೆ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸ್ಕ್ರೂ ತುಕ್ಕು ಹಿಡಿಯುವಂಥದ್ದಾದರೆ ಸ್ಟೇನ್‌ಲೆಸ್ ಹಾಕಿಕೊಳ್ಳಿ. ಬಿಸಿಲು ಬೀಳುವ ಕಡೆಗೆ ಎಬಿಎಸ್ ಪ್ಲಾಸ್ಟಿಕ್ಕಿನ ಡಬ್ಬ ಬೇಡ, ಹಳದಿಯಾಗಿ ಪುಡಿಪುಡಿಯಾಗುತ್ತದೆ, ಪಾಲಿಕಾರ್ಬನೇಟ್ ಕೇಳಿ.

ಸಂದು ಮುಚ್ಚಲು ಸಿಲಿಕೋನ್ ಕೊಳ್ಳುವಾಗ ಹುಳಿ ವಿನಿಗರ್ ವಾಸನೆಯದ್ದು ತರಬೇಡಿ. ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ತಾಮ್ರವನ್ನು ಹಸಿರಾಗಿಸುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ಕೇಳಿ. ಸಿಲಿಕಾ ಜೆಲ್ ಪೊಟ್ಟಣ ವೆಂಟ್ ಇರುವ ಡಬ್ಬದಲ್ಲಿ ದಂಡ, ಹೊರಗಿನ ತೇವವನ್ನೇ ಹೀರಿಕೊಂಡು ಬೇಗ ತುಂಬಿಹೋಗುತ್ತದೆ.

ಪಂಪ್ ಸ್ಟಾರ್ಟರಿನ ಮೂರು ಫೇಸ್ ವೈರುಗಳನ್ನು ಇದೇ ಡಬ್ಬಕ್ಕೆ ತುರುಕಬೇಡಿ, ಅದಕ್ಕೆ ಬೇರೆಯದೇ ಪೆಟ್ಟಿಗೆ ಇರಲಿ. ಹೊಳೆ ಉಕ್ಕಿ ಬರುವ ತಗ್ಗಿಗೆ, ಬಾವಿಯ ಒಳಕ್ಕೆ ಕೂಡ ಈ ಡಬ್ಬ ತಗೊಳ್ಳಬೇಡಿ. ಅಂಥ ಕಡೆಗೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿ ಪರೀಕ್ಷಿಸುವ ಐಪಿ67 ಡಬ್ಬವೇ ಬೇಕು. ಅದಕ್ಕಿಂತ ಹೆಚ್ಚು ಹೊತ್ತು ನೀರು ನಿಲ್ಲುವುದಾದರೆ ಐಪಿ68.