ಊರಿನವರು ಬಂದರೆ ಎಲ್ಲಿಗೆ: ಹಳೇ ಗೋವಾ, ಅಗ್ವಾದ, ಕಾಬೊ ದ ರಾಮ, ತಾಂಬಡಿ ಸುರ್ಲಾ

ಊರಿಂದ ಫೋನ್ ಬಂತೆಂದರೆ ಮೊದಲು ಮಳೆ-ಬೆಳೆ, ಆಮೇಲೆ ಯಾರ ಮದುವೆ ಗೊತ್ತಾಯಿತು, ಕೊನೆಗೆ "ಸೂಟಿಗೆ ಗೋವಾಕ್ಕ ಬರ್ತೀವಪಾ, ಏನೇನ್ ತೋರಸ್ತಿ?" ವಾಸ್ಕೊದಲ್ಲಿ ಮನೆ ಮಾಡಿ ಹತ್ತೊಂಬತ್ತು ವರ್ಷವಾಯಿತು. ಮೊದಲ ಹತ್ತು ವರ್ಷ ಈ ಪ್ರಶ್ನೆಗೆ ನನ್ನ ಬಳಿ ಇದ್ದದ್ದು ಒಂದೇ ಉತ್ತರ, ಸಮುದ್ರ. ಗದಗ ಸೀಮೆಯವರಿಗೆ ಅದೇ ದೊಡ್ಡ ತೀರ್ಥ, ಒಪ್ಪಿದೆ. ಆದರೆ ಒಂದೂವರೆ ತಾಸಿನಲ್ಲಿ ಬಟ್ಟೆ ಒದ್ದೆಯಾಗಿ, ಹುಡುಗರ ಕಿವಿಯೊಳಗೆಲ್ಲ ಉಸುಕು ಹೊಕ್ಕು, "ಮತ್ತೇನೈತಿ?" ಅಂತ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ "ಮತ್ತೇನು" ಹುಡುಕಿಕೊಂಡು ಬೇರೆ ಬೇರೆ ವರ್ಷ, ಬೇರೆ ಬೇರೆ ಬಳಗದ ಜೊತೆ ಹಳೆಯ ಜಾಗಗಳನ್ನು ಸುತ್ತಿದ ಲೆಕ್ಕ ಇದು.

ಮೊದಲ ಸಲ ಬರುವವರಿದ್ದರೆ ಯೋಚನೆಯೇ ಬೇಡ, ಹಳೇ ಗೋವಾ. ಪಣಜಿಯಿಂದ ಹತ್ತು ಕಿಲೋಮೀಟರು, ಬಸ್ಸಿಗೆ ಬರವಿಲ್ಲ, ಇಳಿದ ಮೇಲೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ. ವಿಜಯಪುರದ ದೊಡ್ಡಪ್ಪನನ್ನು ಕರೆದೊಯ್ದಾಗ ನನಗೆ ಸ್ವಲ್ಪ ಅಂಜಿಕೆ ಇತ್ತು. ದಿನಾ ವಿಭೂತಿ ಹಚ್ಚುವ ಮನುಷ್ಯ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಏನು ನೋಡಿಯಾನು? ಬೊಮ್ ಜೀಸಸ್ ಬೆಸಿಲಿಕಾದ ಗೋಡೆಗೆ ಗಿಲಾವಿಲ್ಲ, ಕೆಂಪು ಜಂಬಿಟ್ಟಿಗೆ ಹಾಗೇ ಕಾಣುತ್ತದೆ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ. ಒಳಗೆ ಬಲಕ್ಕೆ, ಇಟಲಿಯ ಫ್ಲಾರೆನ್ಸಿನಿಂದ ಬಂದ ಅಮೃತಶಿಲೆಯ ಕಟ್ಟೆ, ಅದರ ಮೇಲೆ ಗೋವಾದ ಅಕ್ಕಸಾಲಿಗರೇ ಮಾಡಿದ ಬೆಳ್ಳಿಯ ಪೆಟ್ಟಿಗೆ, ಅದರೊಳಗೆ 1552ರಲ್ಲಿ ಚೀನಾ ತೀರದ ದ್ವೀಪವೊಂದರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಜೇವಿಯರ್. ಇಲ್ಲಿಯವರ ಬಾಯಲ್ಲಿ "ಗೊಂಯ್ಚೊ ಸಾಯ್ಬ", ಗೋವಾದ ಒಡೆಯ. ದೊಡ್ಡಪ್ಪ ಕತ್ತೆತ್ತಿ ಒಂದು ನಿಮಿಷ ನೋಡಿ, "ಗದ್ದಿಗಿ ಹೌದಿಲ್ಲೋ ಇದು?" ಎಂದ. ಹೌದೆಂದೆ. ಚಪ್ಪಲಿ ಬಿಡಬೇಕಿಲ್ಲ ಅಂತ ಹೇಳುವುದರೊಳಗೆ ಬಿಟ್ಟು ಕೈಮುಗಿದು ನಿಂತಿದ್ದ.

ಅವನಿಗೆ ಅದಕ್ಕಿಂತ ಹಿಡಿಸಿದ್ದು, ನಾನು ಹತ್ತಾರು ಸಲ ನೋಡದೇ ದಾಟಿ ಹೋಗಿದ್ದ ಒಂದು ಬಾಗಿಲು. ಸೇಂಟ್ ಕಾಜೆಟನ್ ಇಗರ್ಜಿಯ ಹತ್ತಿರ ನಾಲ್ಕಾರು ಮೆಟ್ಟಿಲು, ಎರಡು ಕೆತ್ತಿದ ಕರಿಕಲ್ಲಿನ ಕಂಬ, ಮೇಲೊಂದು ತೊಲೆಗಲ್ಲು. ಅಷ್ಟೇ ಉಳಿದದ್ದು. ಆದಿಲ್‌ಶಾಹಿ ಅರಮನೆಯ ಬಾಗಿಲು. 1510ರ ನವೆಂಬರ್ 25ರಂದು ಪೋರ್ಚುಗೀಸ್ ಸೇನಾನಿ ಆಲ್ಬುಕರ್ಕ್ ಈ ಊರನ್ನು ಕಿತ್ತುಕೊಂಡದ್ದು ವಿಜಾಪುರದವರ ಕೈಯಿಂದಲೇ. ಅಂದು ಸಂತ ಕ್ಯಾಥರೀನಳ ಹಬ್ಬ, ಅದಕ್ಕೇ ಎದುರಿನ ದೊಡ್ಡ ಸೇ ಕ್ಯಾಥೆಡ್ರಲ್ಲಿಗೆ ಅವಳ ಹೆಸರು. ಗೋಳಗುಮ್ಮಟದ ನೆರಳಲ್ಲಿ ಬೆಳೆದವನಿಗೆ ಇದನ್ನು ಹೇಳಿದ್ದೇ ತಡ, ಬಾಗಿಲ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ. ಕಂಬದ ಮೇಲೆ ಬೆರಳಾಡಿಸಿ, "ಇದು ಗುಡಿ ಕಂಬದ ಕೆಲಸ ನೋಡು ತಮ್ಮಾ, ಆದಿಲ್‌ಶಾಹಂದಲ್ಲ" ಎಂದೂ ಹೇಳಿದ. ಕಣ್ಣು ಚುರುಕು.

ಹಳೇ ಗೋವಾದ ತೊಂದರೆ ಅದರ ಸಮೃದ್ಧಿಯೇ. ಮೂರನೇ ಇಗರ್ಜಿಗೆ ಹುಡುಗರು ಆಕಳಿಸುತ್ತಾರೆ. ನಾನೀಗ ಬೆಸಿಲಿಕಾ, ಆ ಬಾಗಿಲು, ಕೊನೆಗೆ ಸೇಂಟ್ ಅಗಸ್ಟೀನ್ ಗೋಪುರ, ಇಷ್ಟಕ್ಕೇ ನಿಲ್ಲಿಸುತ್ತೇನೆ. 46 ಮೀಟರ್ ಎತ್ತರದ ಆ ಅರೆಬಿದ್ದ ಗೋಪುರ, ಸುತ್ತ ಸೂರಿಲ್ಲದ ಗೋಡೆಗಳು, ಹಂಪಿ ನೋಡಿದವರಿಗೆ ತಟ್ಟನೆ ಹಿಡಿಸುತ್ತದೆ. ಚಡ್ಡಿ ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿಬಿಡಿ. ಅಕ್ಕನ ಮಗ ಬೆಸಿಲಿಕಾದ ಬಾಗಿಲಲ್ಲಿ ತಂಗಿಯ ದುಪಟ್ಟಾ ಲುಂಗಿ ಸುತ್ತಿಕೊಂಡು ಒಳಗೆ ಹೋದವನು ಇಂದಿಗೂ ಆ ಫೋಟೊ ಅಳಿಸು ಅಂತ ಜಗಳಾಡುತ್ತಾನೆ. ಸಂತರ ದೇಹವನ್ನು ಹತ್ತು ವರ್ಷಕ್ಕೊಮ್ಮೆ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲದ್ದು 2025ರ ಜನವರಿ 5ಕ್ಕೆ ಮುಗಿಯಿತು. ಆ ದಿನಗಳಲ್ಲಿ ಭಕ್ತರಲ್ಲದವರು ಆ ಕಡೆ ಸುಳಿಯದಿರುವುದೇ ಲೇಸು.

ಅಗ್ವಾದ ಕೋಟೆಯ ಬಗ್ಗೆ ಹೆಚ್ಚು ಹೇಳಲಾರೆ. 1612ರದ್ದು, ಒಣ ಕಂದಕ, 1864ರ ದೀಪಸ್ತಂಭ, ಅಂಗಳದ ಕೆಳಗೆ ದೂರದ ಹಡಗುಗಳಿಗೆ ಕುಡಿಯುವ ನೀರು ತುಂಬಿಕೊಡುತ್ತಿದ್ದ ಭಾರಿ ತೊಟ್ಟಿ. ಕೋಟೆಯ ಹೆಸರಿನಲ್ಲೇ ನೀರಿದೆ, ಪೋರ್ಚುಗೀಸಿನಲ್ಲಿ ಆಗ್ವ ಎಂದರೆ ನೀರು. ಇಷ್ಟು ಕೇಳುವಾಗ ಚೆಂದ. ಹೋದರೆ ಮಟಮಟ ಮಧ್ಯಾಹ್ನ ಒಂದು ಗಿಡದ ನೆರಳಿಲ್ಲದ ಬಯಲು, ಸೆಲ್ಫಿ ಕೋಲುಗಳ ಸಂತೆ. ಕೆಳಗಿನ ಹಳೆಯ ಜೈಲು ಈಗ ಮ್ಯೂಸಿಯಂ. ಗೋವಾ ವಿಮೋಚನೆಗೆ ಹೋರಾಡಿದವರನ್ನು ಕೂಡಿಹಾಕಿದ್ದ ಕೋಣೆಗಳವು, ಹೋದರೆ ಅಷ್ಟಕ್ಕೆ ಹೋಗಬೇಕು. ಮೊಣಕಾಲು ನೋವಿನ ಹಿರಿಯರಿದ್ದರೆ ನಾನಂತೂ ಅಗ್ವಾದ ಬಿಟ್ಟು ರೈಸ್ ಮಾಗೊಸ್‌ಗೆ ಗಾಡಿ ತಿರುಗಿಸುತ್ತೇನೆ. ಮಾಂಡೋವಿಯ ಆಚೆ ದಡ, ಪಣಜಿಗೆ ಎದುರಾಬದುರು. 1551ರ ಸಣ್ಣ ಕೋಟೆ, ಅಚ್ಚುಕಟ್ಟಾಗಿ ದುರಸ್ತಿ ಮಾಡಿ 2012ರಲ್ಲಿ ತೆರೆದಿದ್ದಾರೆ. ಒಳಗೆ ಮಾರಿಯೊ ಮಿರಾಂಡಾ ಅವರ ವ್ಯಂಗ್ಯಚಿತ್ರಗಳಿವೆ. ಒಂದು ತಾಸು ಸಾಕು. ದೊಡ್ಡದು ನೋಡಿದೆವೆಂಬ ತೃಪ್ತಿ ಸಿಗಲಿಕ್ಕಿಲ್ಲ, ಆದರೆ ಯಾರೂ ಬೆವರಿ ಬೈಯುವುದಿಲ್ಲ.

ಕಾಬೊ ದ ರಾಮ ನನ್ನ ಮೆಚ್ಚಿನದು, ನಮ್ಮವರ ಮೆಚ್ಚಿನದಲ್ಲ. ಕಾಣಕೋಣ ತಾಲ್ಲೂಕಿನಲ್ಲಿ ಸಮುದ್ರಕ್ಕೆ ಚಾಚಿದ ಗುಡ್ಡದ ಮೂಗಿನ ಮೇಲೆ ಕೂತ ಕೋಟೆ. ವನವಾಸದಲ್ಲಿ ರಾಮ-ಸೀತೆ ಇದ್ದರೆಂಬ ಕತೆಯಿಂದ ಈ ಹೆಸರು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಸಂಗತಿ: ಇದು ನಮ್ಮ ಶಿರಸಿ ಪಕ್ಕದ ಸೋದೆ ಅರಸರದ್ದಾಗಿತ್ತು. 1763ರಲ್ಲಿ, ಹೈದರಾಲಿ ಸೋದೆಯ ಮೇಲೆ ಬಿದ್ದ ಕಾಲಕ್ಕೆ, ಪೋರ್ಚುಗೀಸರ ಪಾಲಾಯಿತು. ಆಮೇಲೆ ಜೈಲು, ಈಗ ಪಾಳು ಗೋಡೆ, ಬಿದ್ದ ಫಿರಂಗಿ, ನಡುವೆ ಸಂತ ಅಂತೋನಿಯ ಬೆಳ್ಳನೆಯ ಇಗರ್ಜಿ. ಕೋಟೆಯ ಅಂಚಿನಲ್ಲಿ ನಿಂತರೆ ಕೆಳಗೆ ಅಲೆ ಬಂಡೆಗೆ ಬಡಿಯುವ ಸದ್ದು ಒಂದು ಗಳಿಗೆ ತಡವಾಗಿ ಮೇಲೆ ಬರುತ್ತದೆ.

ಇಷ್ಟೆಲ್ಲ ಬಣ್ಣಿಸಿ ಏಪ್ರಿಲ್ ತಿಂಗಳಲ್ಲಿ ಭಾವ, ಅಕ್ಕ, ಮೂರು ಮಕ್ಕಳನ್ನು ಕರೆದೊಯ್ದೆ. ಕಾರಿನಲ್ಲಿ ಇದ್ದದ್ದು ಒಂದೇ ಬಾಟಲಿ ನೀರು, ತಪ್ಪು ಪೂರ್ತಿ ನನ್ನದು. ಅರ್ಧ ತಾಸಿನಲ್ಲಿ ಅದು ಖಾಲಿ. ಸಣ್ಣವಳು ಬಿಸಿಲಿಗೆ ವಾಂತಿ ಮಾಡಿಕೊಂಡಳು. ಭಾವ ಮೆಲ್ಲಗೆ, "ಮಾವಾರ, ಸೋದಿ ರಾಜಾ ಇದನ್ನ ಬಿಟ್ಟಕೊಟ್ಟಿದ್ದು ಅದಕ್ಕ ಅನಸ್ತದ" ಎಂದರು. ಅವರ ಮಾತಿಗೆ ನಕ್ಕೆನಾದರೂ ಅಕ್ಕ ಎರಡು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಇನ್ನು ತಾಂಬಡಿ ಸುರ್ಲಾ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕಂತಲೇ, ಯಾಕೆಂದರೆ ನಮ್ಮ ಕಡೆಯವರಿಗೆ ಇದರಷ್ಟು ವಿಚಿತ್ರ ಜಾಗ ಇನ್ನೊಂದಿಲ್ಲ. ಘಟ್ಟದ ಬುಡದಲ್ಲಿ, ಮಹಾವೀರ ಅಭಯಾರಣ್ಯದ ಒಳಗೆ, ಹೊಳೆಯ ದಂಡೆಯಲ್ಲಿ ಮಹಾದೇವನ ಪುಟ್ಟ ಗುಡಿ. ಗೋವಾ ಕದಂಬರ ಕಾಲದ್ದು. ಗೋವಾದ ಸರಕಾರಿ ಬಸ್ಸಿಗೆ ಕದಂಬ ಅಂತ ಹೆಸರಿರುವುದು ಈ ಮನೆತನದಿಂದಲೇ. ದಿನಾ ಆ ಬಸ್ಸು ಹತ್ತುವ ನಮ್ಮ ಓಣಿಯ ಎಷ್ಟೋ ಜನರಿಗೆ ಈ ಗುಡಿ ಗೊತ್ತಿಲ್ಲ. ಅವ್ವನನ್ನು ಕರೆದೊಯ್ದೆ. ಮುರಿದ ರಸ್ತೆ, ಎರಡು ತಾಸಿನ ದಾರಿ. ಇಳಿದು, ಗುಡಿಯನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಇದನ್ನ ನೋಡಾಕ ಇಷ್ಟ ದೂರ ಬಂದ್ವೇನೋ? ಲಕ್ಕುಂಡ್ಯಾಗ ಓಣಿಗೊಂದ ಅದಾವ."

ಮಾತು ಸುಳ್ಳಲ್ಲ. ಲಕ್ಕುಂಡಿಯ ಕಾಶಿವಿಶ್ವನಾಥನ ಬಾಗಿಲುವಾಡದ ಮುಂದೆ ಇದರ ಕೆತ್ತನೆ ಸಪ್ಪೆಯೇ. ಆದರೆ ಒಳಗೆ ಹೋಗಿ ಕೂತ ಮೇಲೆ ಅವ್ವ ಏಳಲೇ ಇಲ್ಲ. ಮಂಟಪದಲ್ಲಿ ತಲೆಯಿಲ್ಲದ ನಂದಿ, ಮೇಲೆ ಕಲ್ಲಿನ ಕಮಲ, ಒಂದು ಕಂಬದ ಬುಡದಲ್ಲಿ ಕುದುರೆಯನ್ನು ತುಳಿಯುತ್ತಿರುವ ಗೇಣುದ್ದದ ಆನೆ. ಆ ಆನೆಯ ಬೆನ್ನು ಸವರುತ್ತ, ಉಳಿದ ಗುಡಿಗಳು ಎಲ್ಲಿ ಅಂತ ಕೇಳಿದಳು. ಹದಿನಾರನೇ ಶತಮಾನದಲ್ಲಿ ಕರಾವಳಿಯ ಗುಡಿಗಳನ್ನು ಪೋರ್ಚುಗೀಸರು ಕೆಡವಿದ್ದು, ಎಷ್ಟೋ ದೇವರುಗಳನ್ನು ಜನ ರಾತ್ರೋರಾತ್ರಿ ಹೊಳೆ ದಾಟಿಸಿದ್ದು, ಕದಂಬರ ಕುಲದೈವ ಸಪ್ತಕೋಟೀಶ್ವರ ದಿವಾಡಿ ದ್ವೀಪದಿಂದ ಹೊಳೆಯಾಚೆಯ ನಾರ್ವೆ ಎಂಬ ಹಳ್ಳಿಗೆ ಹೋಗಿ, ಅಲ್ಲಿ 1668ರಲ್ಲಿ ಶಿವಾಜಿ ಗುಡಿ ಕಟ್ಟಿಸಿದ್ದು, ಎಲ್ಲ ಹೇಳಿದೆ. "ಇದ ಅಡವ್ಯಾಗ ಕುಂತ ಉಳಕೊಂತು ಅನ್ನು" ಎಂದಳು. ಇದೇ ಮನೆತನದ ರಾಣಿ ಕಮಲಾದೇವಿ ಕಿತ್ತೂರಿನ ಹತ್ತಿರ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿ ಕಟ್ಟಿಸಿದ್ದಾಳೆ ಎಂದಾಗ, ವಾಪಸು ಹೋಗುವಾಗ ಅದನ್ನೂ ನೋಡಿಯೇ ಊರಿಗೆ ಹೋಗುವುದೆಂದು ಹಟ ಹಿಡಿದಳು. ನೋಡಿದೆವು ಕೂಡ.

ಹಾಗಂತ ಎಲ್ಲರನ್ನೂ ವಾಸ್ಕೊದಿಂದ ಅಲ್ಲಿಗೆ ಕರೆದೊಯ್ಯುವುದು ಶುದ್ಧ ದಂಡ. ನಾನೀಗ ಮೊದಲು ಕೇಳುವುದು ಯಾವ ದಾರಿಯಿಂದ ಬರ್ತೀರಿ ಅಂತ. ಸ್ವಂತ ಗಾಡಿಯಲ್ಲಿ ರಾಮನಗರ, ಅನಮೋಡ ಘಟ್ಟ ಇಳಿದು ಬರುವವರಿಗೆ ಮೊಲೆಮ್ ದಾಟಿದ ಮೇಲೆ ಒಳಗೆ ತಿರುಗಿದರೆ ಹತ್ತು-ಹನ್ನೆರಡು ಕಿಲೋಮೀಟರಿನ ಸುತ್ತು, ಅಷ್ಟೇ. ಹೋಗುವಾಗಿಗಿಂತ ಬರುವಾಗಲೇ ನೋಡಲಿ, ಮುಂಜಾನೆಯ ಬಿಸಿಲು ನೇರ ಗುಡಿಯ ಮುಖಕ್ಕೆ ಬೀಳುತ್ತದೆ. ರೈಲಿನಲ್ಲಿ ವಾಸ್ಕೊಗೆ ಇಳಿಯುವವರಿಗೆ ಹಳೇ ಗೋವಾ, ಸಮಯ ಉಳಿದರೆ ರೈಸ್ ಮಾಗೊಸ್. ಕಾಬೊ ದ ರಾಮ ಕಾರವಾರದ ದಾರಿಯವರಿಗೆ ಮಾತ್ರ, ಅದೂ ಚಳಿಗಾಲದಲ್ಲಿ, ಸಂಜೆ ನಾಲ್ಕರ ಮೇಲೆ.

ಈ ಡಿಸೆಂಬರಿನಲ್ಲಿ ಅಕ್ಕನ ಮನೆಯವರು ಮತ್ತೆ ಬರುತ್ತಿದ್ದಾರೆ, ಕಾರವಾರದ ಮೇಲಿಂದಲೇ. ಕೋಟೆಯ ಹೆಸರು ಇನ್ನೂ ಎತ್ತಿಲ್ಲ. ಕಾರವಾರದಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಂಡು ಬನ್ನಿ ಅಂತ ಭಾವನಿಗೆ ಹೇಳಿದ್ದೇನೆ. ಅವರು ಯಾಕೆ ಅಂತ ಕೇಳಲಿಲ್ಲ, ನಕ್ಕರು.