6,822 ರೂಪಾಯಿಯ ‘ಫುಲ್ ಇನ್ಶೂರೆನ್ಸ್’: ಬೆಂಗಳೂರಿನಲ್ಲಿ ಕಾರ್ ಪಾಲಿಸಿ ಹೋಲಿಸುವವರಿಗೆ ಎಚ್ಚರಿಕೆ

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರ ಕಾರು ಮಾಲೀಕರು ಮಳೆಗಾಲ ಮುಗಿಯುವ ಹೊತ್ತಿಗೆ ಸ್ವಂತ ಜೇಬಿನಿಂದ 1,80,500 ರೂಪಾಯಿ ಕಟ್ಟಿ ಗಾಡಿ ಬಿಡಿಸಿಕೊಂಡರು. ಸರ್ವಿಸ್ ಸೆಂಟರ್‌ನ ಒಟ್ಟು ಬಿಲ್ 2,38,000. ವಿಮಾ ಕಂಪನಿ ಕೊಟ್ಟದ್ದು 57,500. ಪಾಲಿಸಿ ಚಾಲ್ತಿಯಲ್ಲಿತ್ತು. ಅದೂ ಬೇರೆಯವರಿಗೆ ಆದ ಹಾನಿಗಷ್ಟೇ ಹಣ ಕೊಡುವ ಬರೀ ಥರ್ಡ್ ಪಾರ್ಟಿ ಅಲ್ಲ, ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಕಾಂಪ್ರಹೆನ್ಸಿವ್ ಪಾಲಿಸಿ. ಕಂಪನಿ ಕೊನೆಗೆ ಪಾಲಿಸಿಯಲ್ಲಿ ಬರೆದ ಹಾಗೆಯೇ ಲೆಕ್ಕ ಹಾಕಿತು. ಎಡವಟ್ಟಾದದ್ದು ನವೀಕರಣದ ದಿನ, ಮೊಬೈಲ್ ಪರದೆಯ ಮೇಲೆ ದರ ಹೋಲಿಸುವಾಗ. ಹಾಗೆ ಹೋಲಿಸುವವರು ಈ ಊರಿನಲ್ಲಿ ಲಕ್ಷಗಟ್ಟಲೆ ಇದ್ದಾರೆ ಅನ್ನುವ ಕಾರಣಕ್ಕೇ ಇದನ್ನು ಲೆಕ್ಕದ ಸಮೇತ ಬರೆಯುತ್ತಿರುವುದು.

ಗಾಡಿ 1197 ಸಿಸಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬೆಂಗಳೂರು ನೋಂದಣಿ, ಆಗಷ್ಟೇ ಮೂರು ವರ್ಷ ತುಂಬಿತ್ತು. ಈ ಮೂರು ವರ್ಷದ ಗಡಿಯಲ್ಲೇ ಬಹಳ ಜನ ಅಗ್ಗದ ಪಾಲಿಸಿ ಹುಡುಕಲು ಹೊರಡುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಶೋರೂಂನಲ್ಲೇ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಎರಡು ಮತ್ತು ಮೂರನೇ ವರ್ಷ ಕಟ್ಟುವುದು ಸ್ವಂತ ಗಾಡಿಯ ಹಾನಿಯ ಭಾಗ, ಅಂದರೆ ಓಡಿ ಪ್ರೀಮಿಯಂ ಮಾತ್ರ. ನಾಲ್ಕನೇ ವರ್ಷಕ್ಕೆ ಥರ್ಡ್ ಪಾರ್ಟಿಯೂ ಬಿಲ್‌ಗೆ ಬಂದು ಸೇರುತ್ತದೆ. ಮೊತ್ತ ಒಮ್ಮೆಲೇ ಏರಿದ್ದು ಕಂಡು ಕಂಪನಿ ಸುಲಿಯುತ್ತಿದೆ ಎಂದು ಅನ್ನಿಸುತ್ತದೆ. ನಿಜ ಏನೆಂದರೆ ಥರ್ಡ್ ಪಾರ್ಟಿ ದರ ಯಾವ ಕಂಪನಿಯ ಕೈಯಲ್ಲೂ ಇಲ್ಲ, ಅದನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗೆ 2,094, 1000ದಿಂದ 1500 ಸಿಸಿಗೆ 3,416, ಅದಕ್ಕೆ ಮೇಲ್ಪಟ್ಟರೆ 7,897 ರೂಪಾಯಿ. ಯಾರಾದರೂ ‘ನಮ್ಮಲ್ಲಿ ಥರ್ಡ್ ಪಾರ್ಟಿಯೂ ಡಿಸ್ಕೌಂಟ್’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಗ್ಗ ಮಾಡಲು ಸಾಧ್ಯವಿರುವುದು ಓಡಿ ಭಾಗದಲ್ಲಿ ಮತ್ತು ಕವರೇಜ್ ಕತ್ತರಿಸುವುದರಲ್ಲಿ ಮಾತ್ರ.

ಈ ಮಾಲೀಕರ ಎದುರಿಗೆ ಎರಡು ಕೋಟ್, ಅಂದರೆ ಕಂಪನಿಗಳು ಹೇಳಿದ ದರ, ಇದ್ದವು. ಒಂದು 15,400ರ ಆಸುಪಾಸು, ಇನ್ನೊಂದು 6,822. ಎರಡರ ಮೇಲೂ ‘ಕಾಂಪ್ರಹೆನ್ಸಿವ್’ ಎಂದೇ ಬರೆದಿತ್ತು. 6,822 ಹೇಗೆ ಬಂತು ನೋಡಿ.

ಗಾಡಿಯ ಎಕ್ಸ್ ಶೋರೂಂ ಬೆಲೆ 8.5 ಲಕ್ಷ. ಮೂರರಿಂದ ನಾಲ್ಕು ವರ್ಷದ ಗಾಡಿಗೆ ಸವಕಳಿ (ಹಳತಾದಂತೆ ಕಳೆಯುವ ಬೆಲೆ) ಶೇ. 40. ಹಾಗಾಗಿ ಐಡಿವಿ, ಅಂದರೆ ವಿಮೆ ಲೆಕ್ಕದ ಗಾಡಿಯ ಬೆಲೆ, 5.1 ಲಕ್ಷ ಇರಬೇಕಿತ್ತು. ಅಗ್ಗದ ಕೋಟ್ ಅದನ್ನು 4.4 ಲಕ್ಷಕ್ಕೆ ಇಳಿಸಿತ್ತು. ಹಳೆಯ ಟಾರಿಫ್ (ಎಲ್ಲ ಕಂಪನಿಗಳಿಗೂ ಒಂದೇ ಇದ್ದ ದರಪಟ್ಟಿ) ಪ್ರಕಾರ ಬೆಂಗಳೂರು ಎ ವಲಯದ ಊರು, ಈ ಸಿಸಿಗೆ ಮೂಲ ದರ ಶೇ. 3.283. ಇಂದಿಗೂ ಕಂಪನಿಗಳು ಡಿಸ್ಕೌಂಟ್ ತೋರಿಸುವುದು ಈ ಮೂಲ ದರದ ಮೇಲೆಯೇ. ಅಲ್ಲಿಗೆ 14,445. ಅದರ ಮೇಲೆ ಶೇ. 65 ಡಿಸ್ಕೌಂಟ್ ಕಳೆದರೆ 5,056. ಐದು ಸಾವಿರದ ವಾಲಂಟರಿ ಡಿಡಕ್ಟಿಬಲ್, ಅಂದರೆ ಕ್ಲೇಮ್‌ನಲ್ಲಿ ಅಷ್ಟನ್ನು ನಾನೇ ಭರಿಸುತ್ತೇನೆ ಎಂದು ಒಪ್ಪಿದ್ದಕ್ಕೆ ಮತ್ತೆ ಶೇ. 25 ಕಡಿತವಾಗಿ 3,792. ಮೂರು ವರ್ಷ ಕ್ಲೇಮ್ ಮಾಡದ್ದಕ್ಕೆ ಶೇ. 35 ನೋ ಕ್ಲೇಮ್ ಬೋನಸ್ ಹೋಗಿ 2,465. ಥರ್ಡ್ ಪಾರ್ಟಿ 3,416ರಲ್ಲಿ ನೂರು ರೂಪಾಯಿ ಕಡಿತ, ಯಾಕೆ ಎಂದು ಮುಂದೆ ಹೇಳುತ್ತೇನೆ. ಎಲ್ಲ ಕೂಡಿ 5,781, ಶೇ. 18 ಜಿಎಸ್‌ಟಿ ಸೇರಿ 6,822. ಹೆಚ್ಚಿಗೆ ಹಣ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ, ಅಂದರೆ ಆಡ್-ಆನ್, ಒಂದೇ ಒಂದೂ ಇಲ್ಲ. ಮಾಲೀಕ-ಚಾಲಕನಿಗೆ ಇರಬೇಕಾದ 15 ಲಕ್ಷದ ಅಪಘಾತ ವಿಮೆಯೂ ಇಲ್ಲ, ‘ನನ್ನ ಬಳಿ ಬೇರೆ ಇದೆ’ ಎಂಬ ಟಿಕ್ ಮೊದಲೇ ಬಿದ್ದಿತ್ತು. ಇವರ ಬಳಿ ಬೇರೆ ಇರಲಿಲ್ಲ.

ಈಗ ಈ ಮೂರು ಕತ್ತರಿಗಳಿಂದ ಉಳಿದದ್ದೆಷ್ಟು ಅನ್ನುವುದನ್ನು ಬಿಡಿಬಿಡಿಯಾಗಿ ನೋಡಬೇಕು, ಯಾಕೆಂದರೆ ಯಾವ ವೆಬ್‌ಸೈಟೂ ಇದನ್ನು ಹೀಗೆ ತೋರಿಸುವುದಿಲ್ಲ. ಐಡಿವಿಯನ್ನು 70,000 ಇಳಿಸಿದ್ದರಿಂದ ಉಳಿದದ್ದು, ಎಲ್ಲ ಕಡಿತಗಳ ನಂತರ, ಜಿಎಸ್‌ಟಿ ಸೇರಿ ಸುಮಾರು 460 ರೂಪಾಯಿ. ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕೈಗೆ 70,000 ಕಡಿಮೆ ಬರುತ್ತದೆ. ವಾಲಂಟರಿ ಡಿಡಕ್ಟಿಬಲ್‌ನಿಂದ ಉಳಿದದ್ದು ಸುಮಾರು 970, ಅದಕ್ಕೆ ಪ್ರತಿ ಕ್ಲೇಮ್‌ನಲ್ಲೂ 5,000 ನಮ್ಮ ತಲೆಗೆ, ಕಡ್ಡಾಯದ 1,000 ಬೇರೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಬೇರೆಯವರ ಆಸ್ತಿಗೆ ಆಗುವ ಹಾನಿಗೆ ಕಾರಿನ ಪಾಲಿಸಿಯಲ್ಲಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಅದನ್ನು ಬರೀ 6,000ಕ್ಕೆ ಇಳಿಸಿಕೊಂಡರೆ ನೂರು ರೂಪಾಯಿ ರಿಯಾಯಿತಿ. ಜಿಎಸ್‌ಟಿ ಸೇರಿ 118 ರೂಪಾಯಿ ಉಳಿಸಲು 7,44,000ದ ರಕ್ಷಣೆ ಬಿಟ್ಟುಕೊಟ್ಟ ಹಾಗಾಯಿತು. ಔಟರ್ ರಿಂಗ್ ರೋಡಿನಲ್ಲಿ ಮುಂದಿನ ದುಬಾರಿ ಕಾರಿನ ಹಿಂಬದಿಯ ಬಂಪರ್, ಸೆನ್ಸರ್, ಡಿಕ್ಕಿ ಬಾಗಿಲಿಗೆ ಒಮ್ಮೆ ಗುದ್ದಿದರೆ 6,000 ಯಾವ ಮೂಲೆಗೆ ಸಾಕು? ಇದನ್ನು ಯಾರೂ, ಯಾವ ಗಾಡಿಗೂ ಆರಿಸಬಾರದು.

ಇನ್ನು ಆದ ಅನಾಹುತ. ರಾತ್ರಿ ಮಳೆಗೆ ಬೇಸ್‌ಮೆಂಟ್‌ಗೆ ನೀರು ನುಗ್ಗಿ ಬಾನೆಟ್ಟಿನ ಅಂಚಿನವರೆಗೂ ಬಂದಿತ್ತು. ಬೆಳಗ್ಗೆ ಪಂಪ್ ಇಟ್ಟು ನೀರು ಖಾಲಿ ಮಾಡಿದರು. ಗಾಡಿ ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು, ಕಾಲಡಿಯ ಮ್ಯಾಟ್ ಮಾತ್ರ ತೊಯ್ದಿತ್ತು. ಮೇಲಕ್ಕೆ ತಂದು ಒಣಗಿಸೋಣ ಎಂದು ಸ್ಟಾರ್ಟ್ ಬಟನ್ ಒತ್ತಿದರು. ಎಂಜಿನ್ ಒಂದೆರಡು ಸುತ್ತು ಎಳೆದು ‘ಟಕ್’ ಎಂದು ನಿಂತಿತು. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ನಿಂತಿದ್ದ ನೀರು ಇನ್‌ಟೇಕ್ ಮೂಲಕ ಸಿಲಿಂಡರ್‌ಗೆ ಹೋಗಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಪಿಸ್ಟನ್ ಮೇಲೆ ಹೋಗಲಾರದೆ ಕನೆಕ್ಟಿಂಗ್ ರಾಡ್ ಬಾಗಿತು. ಇದಕ್ಕೆ ಹೈಡ್ರೋಸ್ಟಾಟಿಕ್ ಲಾಕ್ ಎನ್ನುತ್ತಾರೆ. ಹಾನಿಯ ಲೆಕ್ಕ ಹಾಕುವ ಸರ್ವೇಯರ್ ಬಂದವರು ಮೊದಲು ನೋಡಿದ್ದೇ ಏರ್ ಫಿಲ್ಟರ್ ಒದ್ದೆಯಾಗಿದೆಯೇ, ಡಿಪ್‌ಸ್ಟಿಕ್‌ನ ಆಯಿಲ್ ಹಾಲು ಬೆರೆಸಿದಂತೆ ಬಿಳಿಚಿದೆಯೇ ಎಂದು. ಎರಡೂ ಹೌದು.

ಪ್ರವಾಹದ ಹಾನಿಗೆ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ರಕ್ಷಣೆ ಇದೆ. ಆದರೆ ನೀರು ಹೊಕ್ಕ ಎಂಜಿನ್ ಅನ್ನು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ‘ಕಾನ್ಸಿಕ್ವೆನ್ಶಿಯಲ್ ಲಾಸ್’ (ಆಮೇಲಿನ ಪರಿಣಾಮದ ನಷ್ಟ) ಎಂದು ಹೊರಗಿಡುತ್ತಾರೆ. ಎಂಜಿನ್ ಭಾಗದ 1,42,000ಕ್ಕೆ ಸಿಕ್ಕಿದ್ದು ಸೊನ್ನೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸ್ಟಾರ್ಟರ್, ಆಲ್ಟರ್ನೇಟರ್ ಸೇರಿ 46,000, ಅದರಲ್ಲಿ ಶೇ. 25 ಸವಕಳಿ ಹೋಗಿ 34,500. ಬ್ಯಾಟರಿ 6,000, ಅರ್ಧ ಕಡಿತ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗ 22,000, ಅದಕ್ಕೂ ಅರ್ಧ. ಆಯಿಲ್, ಕೂಲೆಂಟ್ ಇತ್ಯಾದಿ 7,000 ಪೂರ್ತಿ ನಮ್ಮದೇ. ಬಿಚ್ಚಿ ಒಣಗಿಸಿ ಜೋಡಿಸಿದ ಕೂಲಿ 15,000 ಪೂರ್ತಿ ಸಿಕ್ಕಿತು. ಒಟ್ಟು 63,500, ಅದರಲ್ಲಿ ಎರಡೂ ಡಿಡಕ್ಟಿಬಲ್ ಸೇರಿ 6,000 ಕಳೆದು 57,500.

ಇಲ್ಲಿ ಒಂದು ವಿಷಯ ಎಲ್ಲರಿಗೂ ಉಪಯೋಗ. ಮೊದಲ ಲೆಕ್ಕದಲ್ಲಿ ಇಸಿಯು ಸಾಲಿಗೂ ಶೇ. 50 ಕಡಿತ ಹಾಕಿದ್ದರು. ಶೇ. 50 ಅನ್ವಯಿಸುವುದು ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗ, ಟೈರು, ಟ್ಯೂಬು, ಬ್ಯಾಟರಿ ಮತ್ತು ಏರ್‌ಬ್ಯಾಗ್‌ಗೆ. ಫೈಬರ್ ಗ್ಲಾಸ್‌ಗೆ ಶೇ. 30, ಗಾಜಿಗೆ ಕಡಿತವೇ ಇಲ್ಲ. ಉಳಿದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: ಒಂದರಿಂದ ಎರಡು ವರ್ಷಕ್ಕೆ ಶೇ. 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35. ಪಾಲಿಸಿಯಲ್ಲೇ ಇರುವ ಈ ಪಟ್ಟಿ ತೋರಿಸಿದ ಮೇಲೆ ತಿದ್ದಿದರು, 11,500 ಹೆಚ್ಚು ಬಂತು. ಸರ್ವೇ ವರದಿಯ ಪ್ರತಿ ಕೇಳಿ ಪಡೆದು ಸಾಲು ಸಾಲಾಗಿ ನೋಡಿ.

ದುಬಾರಿ ಎನಿಸಿದ್ದ ಇನ್ನೊಂದು ಕೋಟ್‌ನಲ್ಲಿ 5.1 ಲಕ್ಷ ಐಡಿವಿ, ಜೀರೊ ಡೆಪ್ (ಭಾಗಗಳ ಸವಕಳಿ ಕಳೆಯದ ಆಡ್-ಆನ್), ಎಂಜಿನ್ ಪ್ರೊಟೆಕ್ಟ್ (ನೀರು ಹೊಕ್ಕ ಎಂಜಿನ್‌ಗೆ), ಕನ್ಸ್ಯೂಮಬಲ್ಸ್ (ಆಯಿಲ್, ಕೂಲೆಂಟ್ ಇತ್ಯಾದಿಗೆ), 15 ಲಕ್ಷದ ಅಪಘಾತ ವಿಮೆ ಎಲ್ಲವೂ ಇದ್ದವು. ಎಂಜಿನ್ ಕ್ಲೇಮ್ ಒಪ್ಪಿದ್ದರೆ ಮಾಲೀಕರು ಕಟ್ಟಬೇಕಾದದ್ದು ಕಡ್ಡಾಯದ 1,000 ಮತ್ತು ಹೆಚ್ಚೆಂದರೆ ಬ್ಯಾಟರಿಯ ಅರ್ಧ. ‘ಒಪ್ಪಿದ್ದರೆ’ ಎಂದದ್ದು ಬೇಕೆಂದೇ. ಎಂಜಿನ್ ಪ್ರೊಟೆಕ್ಟ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ, ನೀರು ಹೊಕ್ಕಿದೆ ಎಂದು ತಿಳಿದೂ ಸ್ಟಾರ್ಟ್ ಮಾಡಿದರೆ ಹಣ ಇಲ್ಲ ಎಂಬ ಷರತ್ತು ಕೆಲವು ಪಾಲಿಸಿಗಳಲ್ಲಿದೆ. ಆಡ್-ಆನ್‌ನ ಹೆಸರು ಎಲ್ಲ ಕಡೆ ಒಂದೇ ಥರ ಇರುತ್ತದೆ, ಒಳಗಿನ ಒಕ್ಕಣೆ ಬೇರೆ ಬೇರೆ. ಪಾಲಿಸಿ ವರ್ಡಿಂಗ್ಸ್ ಪಿಡಿಎಫ್ ಇಳಿಸಿಕೊಂಡು ಆ ಒಂದು ಪುಟವನ್ನಾದರೂ ಓದಲೇಬೇಕು. ಜೀರೊ ಡೆಪ್‌ನಲ್ಲೂ ವರ್ಷಕ್ಕೆ ಎರಡೇ ಕ್ಲೇಮ್ ಎಂಬ ಮಿತಿ ಹಲವೆಡೆ ಇದೆ.

ಎಲ್ಲರಿಗೂ ಎಲ್ಲ ಆಡ್-ಆನ್ ಬೇಕಿಲ್ಲ. ಎತ್ತರದ ಜಾಗದಲ್ಲಿ, ನೆಲಮಟ್ಟಕ್ಕಿಂತ ಮೇಲೆ ಗಾಡಿ ನಿಲ್ಲಿಸುವವರು ಎಂಜಿನ್ ಪ್ರೊಟೆಕ್ಟ್ ಬಗ್ಗೆ ಯೋಚಿಸಿ ಬಿಡಬಹುದು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಮಾನ್ಯತಾ ಟೆಕ್ ಪಾರ್ಕ್, ಯಲಹಂಕದ ಕಡೆಯವರು ಬಿಡಬಾರದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಮುಳುಗಿತ್ತು, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ. ಅಂಡರ್‌ಪಾಸ್ ದಾರಿಯಲ್ಲಿ ದಿನಾ ಓಡಾಡುವವರಿಗೂ ಇದು ಬೇಕು. ಆದರೆ ನೀರು ನಿಂತ ಅಂಡರ್‌ಪಾಸ್‌ಗೆ ಯಾವ ವಿಮೆ ಇದ್ದರೂ ಇಳಿಯಬೇಡಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಸಿಲುಕಿ ಯುವತಿಯೊಬ್ಬರ ಜೀವವೇ ಹೋಯಿತು.

ಹೋಲಿಸುವ ಕ್ರಮ ಹೀಗಿರಲಿ. ಎಲ್ಲ ಕೋಟ್‌ಗಳಲ್ಲೂ ಮೊದಲು ಐಡಿವಿಯನ್ನು ಒಂದೇ ಅಂಕಿಗೆ ತನ್ನಿ. ವಾಲಂಟರಿ ಡಿಡಕ್ಟಿಬಲ್ ಸೊನ್ನೆ ಮಾಡಿ. ಬೇಕಾದ ಆಡ್-ಆನ್‌ಗಳನ್ನು ಎಲ್ಲದರಲ್ಲೂ ಸೇರಿಸಿ, ಜಿಎಸ್‌ಟಿ ಸೇರಿದ ಮೊತ್ತ ನೋಡಿ. ಆಮೇಲೆ ಉಳಿಯುವ ವ್ಯತ್ಯಾಸವೇ ನಿಜವಾದ ದರದ ವ್ಯತ್ಯಾಸ, ಅದು ಸಾಮಾನ್ಯವಾಗಿ ಪರದೆಯ ಮೇಲೆ ಮೊದಲು ಕಂಡಷ್ಟು ದೊಡ್ಡದಿರುವುದಿಲ್ಲ. ನೀವು ಗಾಡಿ ಬಿಡುವ ಸರ್ವಿಸ್ ಸೆಂಟರ್‌ನ ಬಾಡಿಶಾಪ್‌ಗೆ ಫೋನ್ ಮಾಡಿ, ಆ ಕಂಪನಿಯ ಕ್ಯಾಶ್‌ಲೆಸ್ ಈಗ ನಡೆಯುತ್ತಿದೆಯೇ ಎಂದು ಕೇಳಿ. ವೆಬ್‌ಸೈಟಿನ ಗ್ಯಾರೇಜ್ ಪಟ್ಟಿ ಹಳತಾಗಿರಬಹುದು.

ನೋ ಕ್ಲೇಮ್ ಬೋನಸ್ ವಿಷಯದಲ್ಲಿ ಸುಳ್ಳು ಬೇಡವೇ ಬೇಡ. ಕಳೆದ ವರ್ಷ ಸಣ್ಣ ಕ್ಲೇಮ್ ಆಗಿದ್ದರೂ ‘ಇಲ್ಲ’ ಒತ್ತಿದರೆ ಮುಂದಿನ ದೊಡ್ಡ ಕ್ಲೇಮ್ ಅಲ್ಲೇ ಮುಗ್ಗರಿಸುತ್ತದೆ, ಕಂಪನಿಗಳು ಪರಸ್ಪರ ದಾಖಲೆ ಕೇಳಿ ತಿಳಿದುಕೊಳ್ಳುತ್ತವೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತದೆ.

ಪಾಲಿಸಿ ಕೈಗೆ ಬಂದ ದಿನವೇ ಶೆಡ್ಯೂಲ್ ಪುಟದಲ್ಲಿ, ಅಂದರೆ ನಿಮ್ಮ ಪಾಲಿಸಿಯ ವಿವರ ಇರುವ ಪುಟದಲ್ಲಿ, ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಸೇರಿಸಿದ ಷರತ್ತು) ಸಂಖ್ಯೆಗಳನ್ನು ಹುಡುಕಿ, ಅವು ಐಎಂಟಿ ಎಂದು ಶುರುವಾಗುತ್ತವೆ. ಐಎಂಟಿ 20 ಕಂಡರೆ ಆಸ್ತಿ ಹಾನಿಯ ಮಿತಿ 6,000ಕ್ಕೆ ಇಳಿದಿದೆ. ಐಎಂಟಿ 22ಎ ಎಂದರೆ ವಾಲಂಟರಿ ಡಿಡಕ್ಟಿಬಲ್. ಡ್ರೈವರ್ ಇಟ್ಟುಕೊಂಡವರು, ಸಂಬಳದ ಡ್ರೈವರ್ ಬಗೆಗಿನ ಮಾಲೀಕರ ಕಾನೂನು ಹೊಣೆಗೆ ರಕ್ಷಣೆ ಕೊಡುವ ಐಎಂಟಿ 28 ಇದೆಯೇ ನೋಡಿ, ಟಾರಿಫ್‌ನಲ್ಲಿ ಅದಕ್ಕೆ ಬರೀ 50 ರೂಪಾಯಿ. ಬೇಡದ್ದು ಕಂಡರೆ ಆಗಲೇ ಬದಲಿಸಲು ಬರೆದು ಕಳಿಸಿ, ಅವಧಿಯ ನಡುವೆ ಆಡ್-ಆನ್ ಸೇರಿಸಲು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ.

ಗಾಡಿಗೆ ನೀರು ನುಗ್ಗಿದ್ದರೆ ಇಗ್ನಿಷನ್ ಮುಟ್ಟಬೇಡಿ. ಬ್ಯಾಟರಿ ಕೈಗೆ ಎಟುಕುವಂತಿದ್ದು ಸುತ್ತ ನೀರಿಲ್ಲದಿದ್ದರೆ ಮಾತ್ರ ನೆಗೆಟಿವ್ ವೈರ್ ತೆಗೆಯಿರಿ. ನಂಬರ್ ಪ್ಲೇಟ್ ಮತ್ತು ನೀರಿನ ಗೆರೆ ಎರಡೂ ಕಾಣುವ ಹಾಗೆ ಫೋಟೊ ತೆಗೆಯಿರಿ, ನೀರು ಇಳಿದ ಮೇಲೆ ಗೋಡೆಯ ಕಲೆಯದ್ದೂ ಇರಲಿ. ಅದೇ ದಿನ ಕ್ಲೇಮ್ ನೋಂದಾಯಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಗ್ಗ ಕಟ್ಟಿ ಎಳೆಸದೆ ಫ್ಲ್ಯಾಟ್‌ಬೆಡ್ ಲಾರಿಯಲ್ಲೇ ಸಾಗಿಸಿ. ಸರ್ವೇಯರ್ ನೋಡುವ ತನಕ ಎಂಜಿನ್ ಬಿಚ್ಚಲು ಗ್ಯಾರೇಜಿಗೆ ಸಹಿ ಹಾಕಬೇಡಿ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಅದು ಟೋಟಲ್ ಲಾಸ್ (ಗಾಡಿ ಪೂರ್ತಿ ಹಾಳಾದ ಲೆಕ್ಕ), ರಿಪೇರಿ ಮಾಡಿಸಿಕೊಳ್ಳಿ ಎಂದು ಒತ್ತಾಯಿಸಿದರೆ ಈ ನಿಯಮ ಎತ್ತಿ ತೋರಿಸಿ.

ಕ್ಲೇಮ್ ಕಡಿತವಾದರೆ ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಅರ್ಜಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿ ಶೆಡ್ಯೂಲ್, ಸರ್ವೇ ವರದಿ, ಗ್ಯಾರೇಜಿನ ಬಿಲ್, ಕಂಪನಿಯ ಪತ್ರ, ನೀವು ಬರೆದ ದೂರಿನ ಪ್ರತಿ, ಇಷ್ಟನ್ನು ಜೋಡಿಸಿ ಕೊಡಿ.