ಮೇಕೆ ಸಾಕಾಣಿಕೆ ಶುರು ಮಾಡುವವರು ದಯವಿಟ್ಟು ಓದಿ: ಬೈಬ್ಯಾಕ್ (ಮರಿ ವಾಪಸ್ ಕೊಳ್ಳುವ) ಬಾಂಡ್ ತೋರಿಸುವವರಿಗೆ ಅಡ್ವಾನ್ಸ್ ಹಾಕಬೇಡಿ

ಮೇಕೆ ಫಾರಂ ವಿಡಿಯೊ ನೋಡಿ, ಫೋನಿನಲ್ಲಿ ಮಾತಾಡಿ, ಅಡ್ವಾನ್ಸ್ ಹಾಕೋಣ ಅಂತ ಯಾರಾದರೂ ಕೂತಿದ್ದರೆ ಸ್ವಲ್ಪ ನಿಲ್ಲಿ. ಇದನ್ನು ಪೂರ್ತಿ ಓದಿ, ಆಮೇಲೆ ನಿಮ್ಮಿಷ್ಟ. ನಮಗೆ ಹೋಗಿದ್ದು 3 ಲಕ್ಷ 33 ಸಾವಿರ ರೂಪಾಯಿ. ಅದರಲ್ಲಿ 1 ಲಕ್ಷ ಸ್ತ್ರೀಶಕ್ತಿ ಸಂಘದ ಸಾಲ. ಮಿಕ್ಕಿದ್ದು ನನ್ನ ಸರ ಅಡ ಇಟ್ಟಿದ್ದು, ನಮ್ಮ ಯಜಮಾನರು ಆಟೋ ಓಡಿಸಿ ಕೂಡಿಟ್ಟಿದ್ದು. ಶೆಡ್ಡಿನ ಖರ್ಚು ಬೇರೆ.

ಬರೆಯೋದು ಬೇಡ ಅಂತಲೇ ಇದ್ದೆ. ಊರಿನಲ್ಲಿ ಆಗಲೇ ಎಲ್ಲರ ಬಾಯಿಗೆ ಬಿದ್ದಾಗಿದೆ. ಸಂಘದ ಮೀಟಿಂಗಿಗೆ ಹೋದರೆ ಯಾರೂ ಏನೂ ಕೇಳಲ್ಲ, ಅದೇ ಜಾಸ್ತಿ ಚುಚ್ಚುತ್ತೆ. ಆದರೆ ಮೊನ್ನೆ ನಮಗೆ ಮೇಕೆ ಮಾರಿ ಮೋಸ ಮಾಡಿದ ಅದೇ ಮನುಷ್ಯ ಹೊಸ ವಿಡಿಯೊ ಹಾಕಿದ್ದಾನೆ. "ಕೆಲವೇ ಯೂನಿಟ್ ಬಾಕಿ ಇದೆ, ಬೇಗ ಬುಕ್ ಮಾಡಿ" ಅಂತ. ಅದೇ ಶೆಡ್, ಅದೇ ಮಿರಿಮಿರಿ ಮಿಂಚುವ ಕರಿ ಮೇಕೆಗಳು. ನಮಗೆ ತೋರಿಸಿದ್ದ ಮೇಕೆಗಳೇ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೆಸರು ಬರೆಯಬೇಡಿ ಅಂತ ವಕೀಲರು ಹೇಳಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಅವನು ಮಾಡಿದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮದು ಶಿರಾ ಕಡೆ. ಮಳೆ ನಂಬಿ ಶೇಂಗಾ ಹಾಕುವ ನೆಲ. ಮೇಕೆ ನಮಗೆ ಹೊಸದೇನಲ್ಲ, ನಮ್ಮತ್ತೆ ಯಾವಾಗಲೂ ಎರಡು ನಾಟಿ ಮೇಕೆ ಕಟ್ಟಿಕೊಂಡೇ ಇರುತ್ತಿದ್ದರು. ಆದರೆ ಶೆಡ್ಡಿನಲ್ಲೇ ಕಟ್ಟಿ ಮೇಯಿಸುವುದು ಹೊಸದು. ಅದಕ್ಕೇ ದೊಡ್ಡದಾಗಿ ಏನೂ ಹೊರಡಲಿಲ್ಲ. 20 ಮೇಕೆ, 1 ಹೋತ, ಅಷ್ಟೇ. ನೆಲದಿಂದ ಎತ್ತರಿಸಿ ಹಲಗೆ ಹಾಸಿದ ಶೆಡ್ ಕಟ್ಟಿದೆವು, ಹಿಕ್ಕೆ ಕೆಳಗೆ ಬೀಳಲಿ ಅಂತ. ಬೋರ್‌ವೆಲ್ ನೀರು ಇದ್ದಷ್ಟು ಜಾಗದಲ್ಲಿ ಸೂಪರ್ ನೇಪಿಯರ್ ಹುಲ್ಲು ನೆಟ್ಟೆವು, ಬದುವಿನ ಮೇಲೆ ಚೊಗಚೆ ಹಾಕಿದೆವು. ಮೇವು ಕೈಗೆ ಬಂದ ಮೇಲೇ ಮೇಕೆ ಹುಡುಕಲು ಶುರು ಮಾಡಿದ್ದು.

ಅವನು ಉತ್ತರದ ಕಡೆಯ ಒಂದು ಜಿಲ್ಲೆಯವನು. ಉಸ್ಮಾನಾಬಾದಿ ಮೇಕೆ, ಪ್ಯೂರ್ ಬ್ರೀಡ್, ಎರಡು ಹಲ್ಲಿನವು, ಮೂರು ತಿಂಗಳ ಗಬ್ಬ, ಎಲ್ಲಾ ಲಸಿಕೆ ಆಗಿದೆ, ವಿಮೆ ಆಗಿದೆ ಅಂದ. ಮೇಲೆ ಬೈಬ್ಯಾಕ್: ಹುಟ್ಟಿದ ಮರಿಗಳನ್ನೆಲ್ಲ ಅವನೇ ವಾಪಸ್ ಕೊಳ್ಳುತ್ತಾನಂತೆ. ಒಂದು ಲೆಕ್ಕದ ಹಾಳೆ ಕಳಿಸಿದ. 20 ಮೇಕೆ, ವರ್ಷಕ್ಕೆ ಎರಡು ಸೂಲು, ಸೂಲಿಗೆ ಎರಡು ಮರಿ, ಒಟ್ಟು 80 ಮರಿ. ಮರಿಗೆ 8,000ದಂತೆ 6 ಲಕ್ಷ 40 ಸಾವಿರ. ಈ ಹಾಳೆ ನಿಮಗೂ ಬಂದಿರುತ್ತೆ, ಎಲ್ಲರಿಗೂ ಇದೇ ಹಾಳೆ ಕಳಿಸುತ್ತಾರೆ. ಮೇಕೆಗೆ ಗಬ್ಬವೇ ಐದು ತಿಂಗಳು. ಈದ ಮೇಲೆ ಮರಿಗೆ ಹಾಲು ಕುಡಿಸಿ, ಮತ್ತೆ ಬೆದೆಗೆ ಬರಬೇಕು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸೂಲು. ಎಲ್ಲಾ ಮೇಕೆಯೂ ಅವಳಿ ಹಾಕಲ್ಲ, ಹುಟ್ಟಿದ ಮರಿಯೆಲ್ಲ ಉಳಿಯಲ್ಲ. ನಾವು ಅವನಿಗೆ ಇದನ್ನು ಕೇಳಿದೆವು. "ಅಕ್ಕ, ಅದು ನಾಟಿ ಮೇಕೆ ಲೆಕ್ಕ. ನಮ್ಮದು ಬ್ರೀಡ್" ಅಂದ.

"ನೋಡಿ ತಗೋಬೇಕಿತ್ತು" ಅನ್ನುವವರಿಗೆ ಹೇಳುತ್ತೇನೆ, ನೋಡಿಯೇ ಬಂದಿದ್ದೆವು. ಬಸ್ಸಿನಲ್ಲಿ ಅಷ್ಟು ದೂರ ಹೋಗಿ, ಅವನ ಫಾರಂನಲ್ಲಿ ನಿಂತು, ಒಂದೊಂದಾಗಿ ಆರಿಸಿದೆವು. ಪ್ರತಿ ಮೇಕೆಯ ಕಿವಿಯಲ್ಲೂ ಹಳದಿ ಟ್ಯಾಗ್, ಅದರ ಮೇಲೆ ನಂಬರ್. ನಂಬರ್ ಕಾಣುವ ಹಾಗೆ ಫೋಟೊ ಹಿಡಿದುಕೊಂಡೆ. ಅವನೇ "ಹಿಡ್ಕೊಳ್ಳಿ ಅಕ್ಕ, ಇದೇ ನಂಬರ್ ನಿಮ್ಮ ಮನೆಗೆ ಬರುತ್ತೆ" ಅಂದ. ಊಟ ಹಾಕಿಸಿದ. ಮೇಕೆಗೆ 14,500ರಂತೆ, ಹೋತಕ್ಕೆ 28,000, ಗಾಡಿ ಬಾಡಿಗೆ 15,000. ಅಡ್ವಾನ್ಸ್ 1 ಲಕ್ಷ ಅಲ್ಲೇ ಕೊಟ್ಟೆವು. ಬಿಲ್ ಕೇಳಿದರೆ ಎಸ್ಟಿಮೇಟ್ ಅಂತ ಬರೆದ ಒಂದು ಚೀಟಿ. 100 ರೂಪಾಯಿ ಛಾಪಾ ಕಾಗದದ ಮೇಲೆ ಬೈಬ್ಯಾಕ್ ಬಾಂಡ್. ಸಹಿ ಹಾಕಿದ್ದು ಅವನಲ್ಲ, ಅಲ್ಲಿ ಕೆಲಸಕ್ಕಿದ್ದ ಹುಡುಗ. "ಅವನೇ ನಮ್ಮ ಮ್ಯಾನೇಜರ್" ಅಂದ.

ಗಾಡಿ ಬಂದಿದ್ದು ನಡುರಾತ್ರಿ. ಹಗಲು ಬರುತ್ತೆ ಅಂದಿದ್ದ ಗಾಡಿ. ಒಂದು ಪಿಕಪ್‌ನಲ್ಲಿ 21 ಜೀವ ಒತ್ತೊತ್ತಾಗಿ ತುಂಬಿದ್ದರು. ಡ್ರೈವರ್ ಇಂಜಿನ್ ಕೂಡ ಆಫ್ ಮಾಡಲಿಲ್ಲ. "ಪೂರ್ತಿ ಪೇಮೆಂಟ್ ಆಗದೆ ಇಳಿಸಬೇಡ ಅಂದಿದ್ದಾರೆ" ಅಂದ. ಟಾರ್ಚ್ ಬಿಟ್ಟು ನೋಡಿದರೆ ಎಲ್ಲಾ ಕರಿ ಮೇಕೆ, ಎಲ್ಲಕ್ಕೂ ಹಳದಿ ಟ್ಯಾಗ್. ಒಂದೆರಡು ನಂಬರ್ ಓದಿದೆ, ಫೋಟೊದ ನಂಬರೇ. ಮೇಕೆಗಳು ಅರಚುತ್ತಿದ್ದವು, ನೀರಿಲ್ಲದೆ ಎಷ್ಟು ಹೊತ್ತಾಗಿತ್ತೋ. ದುಡ್ಡು ಹಾಕಿದೆವು. ಇಳಿಸಿ ಹೋದ.

ಬೆಳಗ್ಗೆ ನೀರಿಡಲು ಹೋದಾಗ ಒಂದು ಮೇಕೆ ಕಿವಿ ಒದರುತ್ತಲೇ ಇತ್ತು, ಕಿವಿಗೆ ನೊಣ ಮುತ್ತಿತ್ತು. ಹಿಡಿದು ನೋಡಿದರೆ ಟ್ಯಾಗಿನ ಸುತ್ತ ರಕ್ತ ಹೆಪ್ಪುಗಟ್ಟಿದೆ. ಹಸಿ ಗಾಯ. ಟ್ಯಾಗ್ ಅಲ್ಲಾಡಿಸಿದರೆ ಕೀವು ಒಸರಿತು. ಫಾರಂನಲ್ಲಿ ನೋಡಿದಾಗ ಎಲ್ಲಾ ಕಿವಿಯೂ ಒಣಗಿ ವಾಸಿಯಾಗಿದ್ದವು. ಪಕ್ಕದ ಮೇಕೆಯ ಕಿವಿಯೂ ಹಸಿ. ಅದರ ಪಕ್ಕದ್ದೂ. ಫೋನ್ ತೆಗೆದು ಫೋಟೊ ಇಟ್ಟು ನೋಡಿದೆ. ಫೋಟೊದಲ್ಲಿ 17ನೇ ನಂಬರಿಗೆ ಹಿಂದಕ್ಕೆ ಬಾಗಿದ ಕೊಂಬು, ಎಡಗಿವಿಯ ತುದಿಯಲ್ಲಿ ಬಿಳಿ ಮಚ್ಚೆ. ನನ್ನ ಶೆಡ್ಡಿನಲ್ಲಿ ನಿಂತಿದ್ದ 17ನೇ ನಂಬರಿಗೆ ಕೊಂಬೇ ಇಲ್ಲ. ಬೋಳು ಮೇಕೆ. ಕಿವಿ ಪೂರ್ತಿ ಕರಿ.

ನಂಬರ್ ಒಂದೇ, ಮೇಕೆ ಬೇರೆ! ಬೇರೆ ಮೇಕೆಗಳಿಗೆ ಹಿಂದಿನ ದಿನವೋ ಏನೋ ಅದೇ ನಂಬರಿನ ಹೊಸ ಟ್ಯಾಗ್ ಚುಚ್ಚಿ ಕಳಿಸಿದ್ದಾನೆ. ಒಂದಕ್ಕೆ ತೊಡೆಸಂದಿನಲ್ಲಿ ಗುಲಾಬಿ ಬಣ್ಣ ಹಾಗೇ ಉಳಿದಿತ್ತು, ಸಂತೆಯಲ್ಲಿ ದಲ್ಲಾಳಿಗಳು ಗುರುತಿಗೆ ಬಳಿಯುತ್ತಾರಲ್ಲ, ಅದು. ಬೆನ್ನಿನ ಮೇಲಿನದನ್ನು ತೊಳೆದಿದ್ದಾರೆ, ಸಂದಿಯಲ್ಲಿದ್ದದ್ದು ಬಿಟ್ಟುಹೋಗಿದೆ. ಆವತ್ತು ಶೆಡ್ಡಿನಲ್ಲಿ ಕಾಲು ಸೋತು ಕೂತುಬಿಟ್ಟೆ. ನನ್ನ ಕೈಯಲ್ಲೇ ಫೋಟೊ ಹಿಡಿಸಿ, "ಇದೇ ನಂಬರ್ ಬರುತ್ತೆ" ಅಂದನಲ್ಲ. ಆ ಮಾತು ಈಗಲೂ ಕಿವಿಯಲ್ಲಿದೆ.

ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಮಧ್ಯಾಹ್ನ ಎತ್ತಿದ. "ಗಾಡಿಯಲ್ಲಿ ಉಜ್ಜಿ ಕಿವಿ ಗಾಯ ಆಗಿರುತ್ತೆ ಅಕ್ಕ." ಕೊಂಬು ಎಲ್ಲಿ ಹೋಯಿತು ಅಂದೆ. "ನೀವು ಫೋಟೊ ತಪ್ಪಾಗಿ ನೋಡ್ತಿದ್ದೀರ." ಎರಡೂ ಫೋಟೊ ಕಳಿಸಿದೆ. ಎರಡೂ ನೀಲಿ ಗೆರೆ ಬಂತು, ಉತ್ತರ ಇಲ್ಲ. ಮತ್ತೆ ಮಾಡಿದರೆ "ಮೇಡಂ, ನಿಮಗೆ ಇದೆಲ್ಲ ಗೊತ್ತಾಗಲ್ಲ, ಯಜಮಾನ್ರಿಗೆ ಫೋನ್ ಕೊಡಿ" ಅಂದ. ದುಡ್ಡು ಬೀಳುವ ತನಕ ಬಾಯಿ ತುಂಬಾ ಅಕ್ಕ, ದುಡ್ಡು ಬಿದ್ದ ಮೇಲೆ ನನಗೆ ಏನೂ ಗೊತ್ತಾಗಲ್ಲ. ಯಜಮಾನರು ಮಾತಾಡಿದರೆ "ಬ್ರದರ್, ಹೆಂಗಸರ ಮಾತು ಕೇಳಿ ಟೆನ್ಷನ್ ಮಾಡ್ಕೋಬೇಡಿ" ಅಂದನಂತೆ.

ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು ಬಂದು ಒಂದೊಂದರ ತುಟಿ ಎತ್ತಿ ಹಲ್ಲು ತೋರಿಸಿದರು. ಎರಡು ಹಲ್ಲು ಅಂದರೆ ಹೆಚ್ಚುಕಡಿಮೆ ಒಂದೂವರೆ ವರ್ಷದ ಮೇಕೆ. ಕೆಳದವಡೆಯ ಮುಂದೆ ಎರಡು ದೊಡ್ಡ ಹಲ್ಲು, ಪಕ್ಕದಲ್ಲಿ ಸಣ್ಣ ಹಾಲುಹಲ್ಲು ಇರಬೇಕು. ಇವುಗಳಲ್ಲಿ ಅರ್ಧಕ್ಕರ್ಧ ಬಾಯಿಗೂಡಿ, ಅಂದರೆ ಎಲ್ಲಾ ದೊಡ್ಡ ಹಲ್ಲೂ ಬಂದು ವಯಸ್ಸಾಗಿ, ಹಲ್ಲು ಸವೆದು, ನಡುವೆ ಸಂದಿ ಬಿಟ್ಟವು. "ಇವು ಸಂತೇಲಿ ಕಟುಕರಿಗೆ ಹೋಗೋ ಮೇಕೆ ಕಣಮ್ಮ" ಅಂದರು. ಎರಡಕ್ಕೆ ಕೆಚ್ಚಲು ಬಾವು ಬಂದು ಒಂದೊಂದು ಮೊಲೆ ಕಲ್ಲಾಗಿತ್ತು. ಲಸಿಕೆ ಕಾರ್ಡಿನಲ್ಲಿ ಎಲ್ಲಾ ಲಸಿಕೆಯೂ ಒಂದೇ ದಿನಾಂಕ, ಒಂದೇ ಪೆನ್ನು, ಯಾವ ಡಾಕ್ಟರ ಸೀಲೂ ಇಲ್ಲ. ವಿಮೆ ಪಾಲಿಸಿ ಇವತ್ತಿನವರೆಗೂ ಬಂದಿಲ್ಲ.

ವಾರ ತುಂಬುವುದರೊಳಗೆ ಶುರುವಾಯಿತು. ಮೊದಲು ಜ್ವರ, ಮೇವು ಬಿಟ್ಟವು. ಮೂಗಿನಲ್ಲಿ ಸಿಂಬಳ, ಕಣ್ಣಿನಲ್ಲಿ ಪಿಸುರು. ಬಾಯೊಳಗೆ ಹುಣ್ಣು, ಕೆಟ್ಟ ವಾಸನೆ. ಆಮೇಲೆ ಭೇದಿ, ಕೆಮ್ಮು. ಪಿಪಿಆರ್ ಅಂದರು ಡಾಕ್ಟರು, ಮೇಕೆ ಕುರಿಗಳಿಗೆ ಬರುವ ಅಂಟುರೋಗ. ವೈರಸ್ಸಿಗೆ ಮದ್ದಿಲ್ಲ, ಬೇರೆ ಸೋಂಕು ಏರದ ಹಾಗೆ ಇಂಜೆಕ್ಷನ್ ಕೊಡಬಹುದು, ನೀರು ಏರಿಸಬಹುದು, ಅಷ್ಟೇ. ಸಂತೆಯಿಂದ ಸಂತೆಗೆ ತಿರುಗಿಸಿ, ಗಾಡಿಯಲ್ಲಿ ತುಂಬಿ, ನೀರಿಲ್ಲದೆ ತಂದ ಮೇಕೆಗಳು ಎಷ್ಟು ತಡೆಯುತ್ತವೆ? 13 ಸತ್ತವು. ನಮ್ಮತ್ತೆಯ ಎರಡು ನಾಟಿ ಮೇಕೆಗಳಿಗೂ ತಗುಲಿ ಅವೂ ಹೋದವು. ಅವು ಅವರ ಕೈಯಲ್ಲೇ ಬೆಳೆದವು. ನಮ್ಮತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಗುಂಡಿಗೆ ಸುಣ್ಣ ಹಾಕುವಾಗ ಬಂದು ನಿಂತರು, ಹೋದರು.

ಇದಕ್ಕೆ ಅವನ ಉತ್ತರಗಳು ನೋಡಿ. ಮೊದಲ ದಿನ: "ಹವಾಮಾನ ಬದಲಾಗಿದೆ, ಒಗ್ಗಿಕೊಳ್ತವೆ." ಆಮೇಲೆ: "ನಿಮ್ಮ ಮೇವಿನಲ್ಲೇ ತೊಂದರೆ ಇದೆ. ನಮ್ಮ ಫಾರಂನಲ್ಲಿ ಒಂದೂ ಸತ್ತಿಲ್ಲ." ಆಮೇಲೆ: "ನಿಮ್ಮ ನಾಟಿ ಮೇಕೆಯಿಂದಲೇ ನಮ್ಮ ಬ್ರೀಡಿಗೆ ರೋಗ ಬಂದಿದೆ." ನಮ್ಮತ್ತೆಯ ಮೇಕೆಗಳ ಮೇಲೆ ಹಾಕಿದ! ಕೊನೆಗೆ ಒಂದು ವಾಯ್ಸ್ ಮೆಸೇಜ್: "ಇದು ಹೊಸ ವೈರಸ್ ಮೇಡಂ, ಯಾರಿಗೂ ಗೊತ್ತಿಲ್ಲ, ನಾವೇನು ಮಾಡೋಕಾಗುತ್ತೆ." ಹೊಸದಾ? ಪಿಪಿಆರ್ ನಮ್ಮ ದೇಶದಲ್ಲಿ, ತಮಿಳುನಾಡಿನಲ್ಲಿ, ಕಾಣಿಸಿಕೊಂಡಿದ್ದು 1987ರಲ್ಲಿ. ಅದಕ್ಕೆ ಲಸಿಕೆ ಇದೆ, ಒಂದು ಸಲ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತೆ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ. ಪುಕ್ಕಟೆ ಲಸಿಕೆಯನ್ನೂ ಹಾಕಿಸದೆ, ಹಾಕಿಸಿದ್ದೇನೆ ಅಂತ ಕಾರ್ಡ್ ಬರೆದುಕೊಟ್ಟ ಮನುಷ್ಯ ಇವನು.

ಬೈಬ್ಯಾಕ್ ಬಾಂಡ್ ತೆಗೆದು ವಕೀಲರಿಗೆ ತೋರಿಸಿದೆವು. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಶರತ್ತು: ಮರಿ ಆರು ತಿಂಗಳೊಳಗೆ 25 ಕೆಜಿ ತೂಗಬೇಕು, ಸಾಗಣೆ ಖರ್ಚು ರೈತರದ್ದು, ಗುಣಮಟ್ಟದ ಬಗ್ಗೆ ಫಾರಂನವರ ತೀರ್ಮಾನವೇ ಕೊನೆ. ಉಸ್ಮಾನಾಬಾದಿಯಲ್ಲಿ ದೊಡ್ಡ ಹೆಣ್ಣು ಮೇಕೆಯೇ ಸರಾಸರಿ 30 ಕೆಜಿ ಆಸುಪಾಸು. ಆರು ತಿಂಗಳ ಮರಿ 25 ಕೆಜಿ ಎಲ್ಲಿಂದ ತೂಗುತ್ತೆ? ಯಾವ ಮರಿಯನ್ನೂ ವಾಪಸ್ ಕೊಳ್ಳಬಾರದು ಅಂತಲೇ ಬರೆದ ಬಾಂಡ್ ಅದು.

ಸಬ್ಸಿಡಿಯದ್ದೂ ಇದೇ ಕತೆ. "ಕೇಂದ್ರದ 50% ಸಬ್ಸಿಡಿ ಮಾಡಿಸಿಕೊಡ್ತೀವಿ, ಫೈಲ್ ಚಾರ್ಜ್ 15 ಸಾವಿರ" ಅಂದಿದ್ದ. ಪುಣ್ಯಕ್ಕೆ ಅದನ್ನು ಕೊಟ್ಟಿರಲಿಲ್ಲ. ಪಶುಪಾಲನಾ ಇಲಾಖೆಯಲ್ಲಿ ವಿಚಾರಿಸಿದರೆ, ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2021ರಿಂದ ಬಂದಿರುವ ಆ ಯೋಜನೆ ಶುರುವಾಗುವುದೇ 100 ಮೇಕೆ 5 ಹೋತದ ಘಟಕದಿಂದ. ನಮ್ಮ 20ಕ್ಕೆ ಅದು ಬರುವುದೇ ಇಲ್ಲ. ಅರ್ಜಿ ಆನ್‌ಲೈನಿನಲ್ಲಿ ನಾವೇ ಹಾಕಬಹುದು. ಇದು ಅವನಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು.

ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ದುಡ್ಡು ಕೊಟ್ಟಿದ್ದು ಆ ಜಿಲ್ಲೆಯಲ್ಲಿ, ಅಲ್ಲಿಗೆ ಹೋಗಿ" ಅಂದರು. ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಅಂತ ಕೊಂಡಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ ವಕೀಲರು ಹೇಳಿದ್ದಾರೆ. ನೋಟಿಸ್ ಹೋಗಿದೆ. ಅದಕ್ಕೆ ಬಂದ ಉತ್ತರ: "ಮೇಕೆ ಒಪ್ಪಿಕೊಂಡು ಇಳಿಸಿಕೊಂಡಿದ್ದಾರೆ." ನಡುರಾತ್ರಿ ಗಾಡಿ ಕಳಿಸಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಮೇಕೆ ಸಾಕಬೇಡಿ ಅಂತ ನಾನು ಹೇಳಲ್ಲ. ಬದುಕಿದ ಮೇಕೆಗಳು ಈಗ ಚೇತರಿಸಿಕೊಂಡಿವೆ, ಎರಡು ಗಬ್ಬವಾಗಿವೆ. ಆದರೆ ದೂರದ ಫಾರಂನಿಂದ ಗಾಡಿಯಲ್ಲಿ ತರಿಸಬೇಡಿ. ನಿಮ್ಮ ಸೀಮೆಯಲ್ಲೇ ಹಟ್ಟಿಗೆ ಹೋಗಿ, ಸಾಕಿದವರ ಮಂದೆಯಿಂದ ನಾಲ್ಕೈದು ತಗೊಂಡು ಶುರು ಮಾಡಿ. ಸಂತೆಯಲ್ಲಿ ಎಲ್ಲಿಂದಲೋ ಬಂದ ಮೇಕೆಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ರೋಗದ ಭಯ ಅಲ್ಲೂ ಇದೆ. ತುಟಿ ಎತ್ತಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ ನೋಡಿ. ಟ್ಯಾಗ್ ನಂಬರನ್ನು ನಂಬಬೇಡಿ, ಟ್ಯಾಗಿನ ಗಾಯ ನೋಡಿ. ಹೊಸ ಮೇಕೆಗಳನ್ನು ಮೂರ್ನಾಲ್ಕು ವಾರ ಬೇರೆ ಕಡೆ ಕಟ್ಟಿ, ಮನೆ ಮೇಕೆಗಳ ಹತ್ತಿರ ಬಿಡಬೇಡಿ. ಕತ್ತಲಲ್ಲಿ ಗಾಡಿ ಬಂದರೆ ಬೆಳಗಾಗುವ ತನಕ ದುಡ್ಡು ಹಾಕಬೇಡಿ, ಡ್ರೈವರ್ ಎಷ್ಟು ಕೂಗಾಡಿದರೂ ಸರಿ. ಬೈಬ್ಯಾಕ್ ಅಂತ ಬಾಯಿ ಬಿಟ್ಟವನ ಹತ್ತಿರ ಮಾತನ್ನೇ ಮುಂದುವರಿಸಬೇಡಿ.

ಇದೇ ತರಹ ನಂಬರ್ ಬದಲಾಗಿ ಬೇರೆ ಮೇಕೆ ಬಂದವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಫೋಟೊ, ಚೀಟಿ, ದುಡ್ಡು ಹಾಕಿದ ವಿವರ, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ನಾಲ್ಕು ಜನ ಒಟ್ಟಿಗೆ ದೂರು ಕೊಟ್ಟರೆ ಪೊಲೀಸರು ತಗೊಳ್ಳಲೇಬೇಕಾಗುತ್ತೆ ಅಂತ ವಕೀಲರು ಹೇಳಿದ್ದಾರೆ. ಅಡ್ವಾನ್ಸ್ ಕೊಟ್ಟು ಗಾಡಿ ಕಾಯುತ್ತಾ ಇರುವವರು ಇದ್ದರೆ, ಇವತ್ತೇ ಫೋನ್ ಮಾಡಿ ಲೋಡ್ ನಿಲ್ಲಿಸಿ. ಅಡ್ವಾನ್ಸ್ ಹೋದರೆ ಹೋಗಲಿ, ಉಳಿದ ದುಡ್ಡನ್ನಾದರೂ ಕೈಯಲ್ಲಿ ಇಟ್ಟುಕೊಳ್ಳಿ.